ಲಿಂಗಸುಗೂರಿನಿಂದ ತಂದ ಓಟದ ಮೋಟಾರು

ಮೋಟಾರಿನ ಬಣ್ಣ ಹಸಿರು ಎಂದು ಬರೆದು ಹೊಡೆದು ಹಾಕಿದೆ. ಕೆಂಪು ಎಂದು ಬರೆದು ಅದನ್ನೂ ಹೊಡೆದೆ. ನಮ್ಮ ಯಜಮಾನರು ಬೂದು ಎನ್ನುತ್ತಿದ್ದರು, ಆದರೆ ಅವರಿಗೆ ಎತ್ತುಗಳ ಬಣ್ಣ ಬಿಟ್ಟು ಬೇರೆ ಯಾವುದೂ ನೆನಪಿರುತ್ತಿರಲಿಲ್ಲ. ಎರಡೇ ಸೀಟು, ಮೇಲೆ ಮುಚ್ಚಳವಿಲ್ಲ, ಮೂತಿ ಉದ್ದ. ಓಡಲಿಕ್ಕೆಂದೇ ಮಾಡಿದ ಗಾಡಿ. ಲಿಂಗಸುಗೂರಿನಲ್ಲಿ ಹಿಂದೆ ದಂಡು ಇದ್ದ ಛಾವಣಿಯ ಬಂಗಲೆಯೊಂದರಲ್ಲಿ ಮಾರಾಟಕ್ಕಿತ್ತು. ನಿಜಾಮರ ಕಾಲ. ನಮ್ಮ ಸಿಂಧನೂರಿನಲ್ಲಿ ಸ್ವಂತ ಮೋಟಾರು ಇದ್ದವರು ಯಾರೂ ಇರಲಿಲ್ಲ, ಅಥವಾ ನಾನು ನೋಡಿರಲಿಲ್ಲ.

ಕೊಳ್ಳಲು ಕಾರಣ ನಾನು. ಇದನ್ನು ಹೊಡೆದು ಹಾಕಬೇಕಿಲ್ಲ. ಮೊದಲ ಹೆರಿಗೆಯಲ್ಲಿ ಕೂಸು ಅಡ್ಡ ಬಂದಿತ್ತು. ಸೂಲಗಿತ್ತಿ ಕೈಬಿಟ್ಟು, ಲಿಂಗಸುಗೂರಿನ ದವಾಖಾನೆಗೆ ಒಯ್ಯಿರಿ ಎಂದಳು. ಬಂಡಿಯಲ್ಲಿ ಹೊರಟೆವು. ಮಸ್ಕಿ ಹಳ್ಳದ ಹತ್ತಿರ ಬಂಡಿಯಲ್ಲೇ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿ ಬಂಡಿ ತಿರುಗಿಸಿದರು. ಆಮೇಲೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದೆ, ತಲೆ ಬಾಚಿಕೊಳ್ಳುತ್ತಿದ್ದೆ. ಹಂಚಿಗೆ ಬೆರಳು ತಾಗಿದರೆ ಸುಟ್ಟದ್ದು ಕಾಣುತ್ತಿತ್ತು, ಅಷ್ಟೇ.

ಎರಡನೆಯ ಸಲ ಬಸಿರಾದಾಗ ದವಾಖಾನೆಯ ಡಾಕ್ಟರಮ್ಮ, ಈ ಸಲವೂ ಹಾಗೇ ಆಗಬಹುದು, ನೋವು ಶುರುವಾದ ಕೂಡಲೇ ಕರೆತನ್ನಿ ಎಂದರು. ಮೊದಲೇ ಹೋಗಿ ಅಲ್ಲೇ ಇರಬಹುದಿತ್ತು. ಅತ್ತೆ ಒಪ್ಪಲಿಲ್ಲ. "ಪರಊರಾಗ, ಯಾರದೋ ಮನ್ಯಾಗ ನನ್ನ ಸೊಸಿ ಹಡಿಯೋದು? ಮಂದಿ ಏನಂದಾರು?" ಎಂದರು. ಇನ್ನು ಉಳಿದದ್ದು ಬೇಗ ಹೋಗುವ ದಾರಿ. ಅದಕ್ಕೇ ಮೋಟಾರು.

ಯಜಮಾನರದು ಎತ್ತಿನ ವ್ಯಾಪಾರ. ಮೋಟಾರಿನ ಗಂಧವಿಲ್ಲ. ರಾಯಚೂರಿನಿಂದ ಬರುವ ಬಸ್ಸಿನ ಡ್ರೈವರನಿಗೆ ಚಹಾ ಕುಡಿಸಿ, ಹಳೇ ಮೋಟಾರಿಗೆ ಏನೇನು ರೋಗ ಇರುತ್ತವೆ, ಹೇಗೆ ಮುಚ್ಚಿಟ್ಟು ಮಾರುತ್ತಾರೆ ಎಂದು ಕೇಳಿಕೊಂಡು ಬಂದರು. "ಎಲ್ಲಾ ಎತ್ತಿನ ರೋಗನ ಅದಾವ, ಹೆಸರು ಬ್ಯಾರೆ" ಎಂದರು.

ಡಾಕ್ಟರಮ್ಮನಿಗೆ ಮತ್ತೊಮ್ಮೆ ತೋರಿಸಿಕೊಂಡ ದಿನವೇ ಬಂಗಲೆಗೆ ಹೋದೆವು. ನಾನು ಬೇವಿನ ಮರದ ಕೆಳಗೆ ಬಂಡಿಯಲ್ಲಿ ಕುಳಿತು ಕಮಾನಿನ ಸಂದಿಯಿಂದ ನೋಡುತ್ತಿದ್ದೆ. ಮಾರುವವನು ಜಾಗೀರದಾರರ ಮನೆಯ ತರುಣ, ಇಸ್ತ್ರಿ ಮಾಡಿದ ಶೇರವಾನಿ ತೊಟ್ಟಿದ್ದ. ಮಾತೆಲ್ಲ ಅವನ ಡ್ರೈವರನದು. ಆತ ನಮ್ಮ ಕಡೆಯ ಕನ್ನಡವನ್ನೂ ದಖನಿ ಉರ್ದುವನ್ನೂ ಒಂದೇ ಉಸಿರಿನಲ್ಲಿ ಆಡುವ ಮನುಷ್ಯ.

ಯಜಮಾನರು ಮೋಟಾರಿನ ಮೂತಿಯ ಮೇಲೆ ಅಂಗೈ ಇಟ್ಟರು.

"ಬೆಚ್ಚಗೈತಲ್ಲೋ."

"ಈಗs ಒಂದು ಸುತ್ತು ತಿರುಗಿಸಿ ತಂದೀನ್ರೀ, ತಮಗ ತೋರಸಾಕ."

"ನಡದು ಬಂದ ಎತ್ತು ನಾ ನೋಡಂಗಿಲ್ಲ. ಮಲಗಿ ಎದ್ದಿದ್ದು ನೋಡ್ತೀನಿ. ನಾಳಿ ಮುಂಜಾನಿ ಬರ್ತೀವಿ, ಅಲ್ಲೀತನಕ ಮುಟ್ಟಬ್ಯಾಡ."

ಹೋಗುವ ಮುಂಚೆ ಗಂಟಿನಿಂದ ತಮ್ಮ ಮಡಿ ಧೋತರವನ್ನು ತೆಗೆದು ಮೋಟಾರಿನ ಹೊಟ್ಟೆಯ ಕೆಳಗೆ ಹಾಸಿದರು. ರಾತ್ರಿ ಬಂಡಿಯಲ್ಲೇ ಕಳೆದು ಬೆಳಿಗ್ಗೆ ಬಂದಾಗ ಅದರ ಮೇಲೆ ಎಣ್ಣೆಯ ಸಣ್ಣ ಕಲೆಗಳಿದ್ದವು, ಮಡುಗಟ್ಟುವಷ್ಟು ಸೋರಿರಲಿಲ್ಲ. ತಣ್ಣಗಿದ್ದ ಯಂತ್ರ ಹ್ಯಾಂಡಲ್ ತಿರುಗಿಸಿದಾಗ ಕೆಮ್ಮಿ ಎದ್ದಿತು. ಯಜಮಾನರು ಹೆಗಲ ಮೇಲಿನ ಬಿಳಿ ವಲ್ಲಿಯನ್ನು ಹೊಗೆ ಬಿಡುವ ಕೊಳವೆಯ ಹಿಂದೆ ಹಿಡಿದು ಕುಕ್ಕರಗಾಲಲ್ಲಿ ಕುಳಿತರು.

"ಸಗಣಿ ನೋಡಾಕತ್ತೀರೇನ್ರೀ?" ಡ್ರೈವರ ನಕ್ಕ.

"ಹೂಂ. ಹೊಟ್ಟಿ ಸುದ್ದಿ ಹಿಂದs ಬರ್ತೈತಿ."

ಹೊಗೆ ನೀಲಿಯಾಗಿದ್ದರೆ ಒಳಗೆ ಎಣ್ಣೆ ಉರಿಯುತ್ತಿದೆ ಎಂದು ಅರ್ಥವಂತೆ. ನೀಲಿ ಇರಲಿಲ್ಲ. ಚಕ್ರಗಳನ್ನು ಒಂದೊಂದಾಗಿ ಹಿಡಿದು ಅಲುಗಿಸಿದರು. ಸ್ಟೇರಿಂಗ್ ಹಿಡಿದು, ಮೂಗುದಾರ ಸ್ವಲ್ಪ ಸಡಿಲ ಎಂದರು. ಇಳಿಜಾರಿಗೆ ಒಯ್ದು ಬ್ರೇಕು ಹಾಕಿಸಿದರು. ಕೊನೆಗೆ ಕೇಳಿದರು, "ಇದನ್ನ ಓಟಕ್ಕ ಬಿಟ್ಟಿದ್ರೇನು?"

"ಬಿಟ್ಟಿದ್ರು. ಹೈದರಾಬಾದನ್ಯಾಗ. ಸುಳ್ಳ್ಯಾಕ ಹೇಳಲಿ?"

"ಓಟದ ಎತ್ತು ನೊಗಕ್ಕ ಬರಂಗಿಲ್ಲ." ಹೀಗೆಂದು ಬಂಡಿಯ ಕಡೆ ನೋಡಿದರು. "ನನಗ ಓಟನ ಬೇಕಾಗೈತಿ, ಬಿಡು." ನೋಡಿದ್ದು ನಿಜವೇ, ಅಥವಾ ಆ ನೋಟವನ್ನು ನಾನು ಆಮೇಲೆ ಸೇರಿಸಿದೆನೇ, ಹೇಳಲಾರೆ. ಸಂದಿಯಿಂದ ಅವರ ಮುಖ ಪೂರ್ತಿ ಕಾಣುತ್ತಿರಲಿಲ್ಲ.

ದನದ ಸಂತೆಯಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ, ವಲ್ಲಿಯ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಮುಗಿಸುತ್ತಾರೆ. ಯಜಮಾನರು ಕೈಗೆ ವಲ್ಲಿ ಮುಚ್ಚಿ ಚಾಚಿದರು. ಶೇರವಾನಿಯ ತರುಣ ಅದನ್ನು ವಲ್ಲಿಯ ಸಮೇತ ಹಿಡಿದು ಸಾಹೇಬರ ಹಾಗೆ ಕುಲುಕಿದ. ಡ್ರೈವರ ಮಧ್ಯೆ ಬಂದು, "ಹುಜೂರ್, ಆಪ್ ರಹನೇ ದೇವ್" ಎಂದು ಧಣಿಯನ್ನು ಬಿಡಿಸಿ ತನ್ನ ಕೈ ಒಳಗೆ ತೂರಿಸಿದ. ವ್ಯಾಪಾರ ಮುಗಿಯಿತು. ನಗು ಬರುವಂಥದ್ದು ಎಂದು ನನಗೆ ತಿಳಿಯಿತು, ನಗು ಬರಲಿಲ್ಲ.

ನನ್ನನ್ನು ಆಳು ಬಂಡಿಯಲ್ಲಿ ಊರಿಗೆ ಕರೆತಂದ. ಕೆಲವು ದಿನಗಳ ಮೇಲೆ ಯಜಮಾನರೂ ಬಂಗಲೆಯ ಆ ಡ್ರೈವರನೂ ಮೋಟಾರು ತಂದರು. ಅವನು ನಮ್ಮಲ್ಲೇ ಇದ್ದು ಓಡಿಸಲು ಕಲಿಸಬೇಕೆಂದು ಮಾತಾಗಿತ್ತು. ಮಧ್ಯಾಹ್ನದ ಬಿಸಿಲು, ಎರೆನೆಲದ ದಾರಿ. ಬಾಗಿಲ ಮುಂದೆ ನಿಂತಾಗ ಮೂತಿಯಿಂದ ಆವಿ ಏಳುತ್ತಿತ್ತು. ಡ್ರೈವರ ಮೂತಿಯ ಮುಚ್ಚಳ ಎತ್ತಿ, ಗಾಳಿಗೆ ತಣಿಯಲಿ ಎಂದು ಬಿಟ್ಟು ಕೈಕಾಲು ತೊಳೆಯಲು ಹೋದ. ಯಜಮಾನರು ಬೆನ್ನು ತಿರುಗಿಸಿ ಓಣಿಯವರೊಂದಿಗೆ ಮಾತಿಗೆ ನಿಂತಿದ್ದರು.

ನಮ್ಮ ಮನೆಗೆ ಹೊಸ ಎತ್ತು ಬಂದರೆ ಹೊಸ್ತಿಲಲ್ಲಿ ಅದರ ಕಾಲಿಗೆ, ಹಣೆಗೆ ನೀರು ಹಾಕಿ ರೊಟ್ಟಿ ನಿವಾಳಿಸುತ್ತಿದ್ದೆವು. ಅತ್ತೆ ಬಾವಿಯ ತಣ್ಣೀರಿನ ತಾಮ್ರದ ಕೊಡ ಹಿಡಿದು ಬಂದರು. ಚಕ್ರಗಳಿಗೆ ಹಾಕಿದರು. ಹಣೆ ಯಾವುದೆಂದು ಕ್ಷಣ ಹುಡುಕಿ, ಬಾಯಿ ತೆರೆದಿದ್ದ ಮೂತಿಯೊಳಗೆ ಉಳಿದದ್ದನ್ನು ಸುರಿದರು.

ಟಣ್ ಎಂದಿತು. ದೊಡ್ಡ ಸದ್ದಲ್ಲ.

ಡ್ರೈವರ ಓಡಿ ಬಂದು ಮೂತಿಯೊಳಗೆ ಇಣುಕಿದ. "ಯಾ ಅಲ್ಲಾ! ಏನ್ ಮಾಡಿದ್ರಬೇ ಅಮ್ಮಾ? ಕಾದ ಕಬ್ಬಿಣ ಸೀಳಿ ಹೋಗೈತಿ!"

"ಎತ್ತು ಬಂದ್ರ ನೀರು ಹಾಕಬೇಕೊ ಬ್ಯಾಡೊ?" ಅತ್ತೆ ಕೇಳಿದರು. ಕೊಡ ಅವರ ಕೈಯಲ್ಲೇ ಇತ್ತು.

ಆ ಬಿರುಕು ಬೆಸೆಯುವವರು ನಮ್ಮ ಸೀಮೆಯಲ್ಲಿರಲಿಲ್ಲ. ಬದಲಿ ಸಾಮಾನು ವಿಲಾಯತಿಯಿಂದ ಬರಬೇಕಿತ್ತು, ಬರುವುದರೊಳಗೆ ನನ್ನ ದಿನ ತುಂಬುತ್ತಿತ್ತು. ಅತ್ತೆ ಊಟಕ್ಕೆ ಏಳಲಿಲ್ಲ. ಮಾರನೆಯ ಬೆಳಿಗ್ಗೆ ಡ್ರೈವರನ ಎದುರು ಬಂದು ನಿಂತರು.

"ನಿನ್ನ ಮನಿ ದವಾಖಾನಿಗೆ ಎಷ್ಟು ದೂರ?"

"ಹಿಂದs ಐತ್ರೀ. ಕೂಗಿದ್ರ ಕೇಳ್ತೈತಿ."

"ಮನ್ಯಾಗ ಹೆಂಗಸರು ಅದಾರೇನು?"

"ನಮ್ಮಾಕಿ ಅದಾಳ, ನಮ್ಮವ್ವ ಅದಾಳ. ಬರ್ರಿ, ನಿಮ್ಮನಿ ಅಂತ ತಿಳೀರಿ."

"ಸೊಸಿ ಕೂಡ ನಾನೂ ಬಂದು ಇರ್ತೀನಿ. ಮಂದಿ ಅಂದಿದ್ದು ಅನ್ನಲಿ."

ಹೇಗೆ ಹೋಗುವುದೆಂದು ಯಜಮಾನರು ಮೋಟಾರನ್ನು ಸುತ್ತುತ್ತ ಯೋಚಿಸಿದರು. ದಿನ ಹತ್ತಿರ ಬಂದ ಮೇಲೆ ಬಂಡಿಯ ಕುಲುಕಾಟ ಬೇಡ ಎಂದು ಡಾಕ್ಟರಮ್ಮ ಹೇಳಿದ್ದರು. ಸೀಟನ್ನು ಒತ್ತಿ ನೋಡಿ, "ಯಂತ್ರ ಸತ್ತೈತಿ, ಸ್ಪ್ರಿಂಗ್ ಸತ್ತಿಲ್ಲ" ಎಂದರು. ಮುಂದಿನ ಕಂಬಿಗೆ ನೊಗ ಬಿಗಿದು, ಮನೆಯ ಒಳ್ಳೆಯ ಜೋಡಿಯನ್ನು ಹೂಡಿದರು. ಅವರು ಸ್ಟೇರಿಂಗ್ ಹಿಡಿದರು, ಪಕ್ಕದಲ್ಲಿ ನಾನು. ಡ್ರೈವರ ಎತ್ತುಗಳ ಮುಂದೆ ನಡೆದ. ಅತ್ತೆ ಹಿಂದೆ ಬಂಡಿಯಲ್ಲಿ.

ಮಸ್ಕಿಯಲ್ಲಿ ಚಹಾದಂಗಡಿಯ ಮುಂದೆ ಇದ್ದವರೆಲ್ಲ ಎದ್ದು ನಿಂತರು. ಯಜಮಾನರ ಪರಿಚಯದ ದಲ್ಲಾಳಿಯೊಬ್ಬ ಕೂಗಿದ, "ಲೇ, ಎತ್ತು ಯಾಕ ನಡಸಾಕತ್ತಿ? ಒಳಗ ಕೂಡಿಸಿಕೊಳ್ಳಬಾರದೇನು?"

"ಸೀಟು ಎರಡs ಅದಾವಲೇ. ನೀ ಬರ್ತಿಯೇನು, ನೊಗದಾಗ ಜಾಗ ಮಾಡ್ತೀನಿ."

ಹಳ್ಳ ದಾಟುವಾಗ ನಾನು ದಂಡೆಯ ಕಡೆ ನೋಡಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನೋಡಿದೆನೋ ಇಲ್ಲವೋ ಗೊತ್ತಿಲ್ಲ. ಸೀಟಿನ ಚರ್ಮ ಕಾದು ಸೀರೆಗೆ ಅಂಟುತ್ತಿತ್ತು. ಅದು ಗೊತ್ತು. ಯಜಮಾನರು ಎತ್ತುಗಳನ್ನು ಗದರಿಸುವುದನ್ನು ಅಲ್ಲಿ ನಿಲ್ಲಿಸಿದ್ದರು. ಅದೂ ಗೊತ್ತು.

ಡ್ರೈವರನ ಮನೆಯಲ್ಲಿ ಎಷ್ಟು ದಿನ ಇದ್ದೆವೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅತ್ತೆ ಬೇರೆ ಒಲೆ ಹೂಡಿಕೊಂಡು ಅಡುಗೆ ಮಾಡುತ್ತಿದ್ದರು. ಆಮೇಲೆ ಆ ಮನೆಯ ಮುದುಕಿ ಆ ಒಲೆಯ ಪಕ್ಕ ಬಂದು ಕುಳಿತು ಕಾಳು ಆರಿಸುತ್ತಿದ್ದಳು. ನೋವು ಬಂದದ್ದು ಒಂದು ಬೆಳಿಗ್ಗೆ, ಹಲ್ಲು ತಿಕ್ಕುವಾಗ. ಇಬ್ಬರು ಮುದುಕಿಯರು ನನ್ನ ಎರಡು ರಟ್ಟೆ ಹಿಡಿದು ನಡೆಸಿಕೊಂಡು ಹೋದರು. ಕೂಸು ಮತ್ತೆ ಅಡ್ಡವೇ ಇತ್ತು. ಡಾಕ್ಟರಮ್ಮ ತೋಳಿನ ಬಟ್ಟೆ ಮೇಲಕ್ಕೆ ಮಡಚಿ ಒಳಗೆ ಕೈ ಹಾಕಿ ಅದನ್ನು ತಿರುಗಿಸಿದರು.

ಅದು ಅತ್ತಿತು. ಹೊರಗೆ ಅತ್ತೆ ಜೋರಾಗಿ ಅಳುವುದು ಕೇಳಿಸಿತು. ಕೂಸನ್ನು ಒರೆಸಿ ನನ್ನ ಮೇಲೆ ಇಟ್ಟರು. ಹಗುರವಾಗಿತ್ತು, ಬಿಸಿಯಾಗಿತ್ತು. ಆಗ ನಿನಗೆ ಏನನ್ನಿಸಿತು ಎಂದು ಈಗಲೂ ಕೇಳುತ್ತಾರೆ. ಏನೂ ಅನ್ನಿಸಲಿಲ್ಲ. ಹಾಲು ಬಂತು, ಕುಡಿಸಿದೆ.