ಸೀಟಿ ಮೊದಲು, ಚೆಂಡು ಆಮೇಲೆ

ನಾನು ನಿಂತಿದ್ದದ್ದು ಒಮಾನಿನ ಅಲ್ ಖೌದ್‌ನ ವಾದಿಯ, ಎಂದರೆ ಒಣ ಹೊಳೆಪಾತ್ರದ, ಅಂಚಿನ ಕಲ್ಲುಮಣ್ಣಿನ ಮೈದಾನದಲ್ಲಿ, ಬೇಸ್‌ಬಾಲ್ ಆಟಕ್ಕೆ ಕಟ್ಟಿದ ಬಲೆ ಮುಗಿಯುವ ಎಡತುದಿಯ ಕಂಬದ ಆಚೆ, ಚಹಾದ ಮೇಜಿನ ಪಕ್ಕದಲ್ಲಿ. ಮೂರು ವರ್ಷದ ಹಿಂದಿನ ಜನವರಿಯ ಕೊನೆಯ ಶುಕ್ರವಾರ, ಬೆಳಿಗ್ಗೆ ಒಂಬತ್ತರ ಆಸುಪಾಸು. ಚಹಾದ ದೊಡ್ಡ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಕೈ ಖಾಲಿ ಇದ್ದಿದ್ದರೆ ನಾನೂ ಉಳಿದವರಂತೆ ಬೆನ್ನು ತಿರುಗಿಸಿ ತಲೆ ಮುಚ್ಚಿಕೊಳ್ಳುತ್ತಿದ್ದೆ, ಏನನ್ನೂ ನೋಡುತ್ತಿರಲಿಲ್ಲ.

ನಾನು ಕಂಡದ್ದು ಇಷ್ಟೆ: ಅಜ್ಜನ ಸೀಟಿ ಕೇಳಿಸಿದಾಗ ಚೆಂಡು ಇನ್ನೂ ಮೇಲಕ್ಕೆ ಏರುತ್ತಿತ್ತು. ಆದರೆ ಅಜ್ಜ ಕೊನೆಯವರೆಗೂ ತಾವು ಊದಿದ್ದು ತಡವಾಯಿತೆಂದೇ ತಿಳಿದಿದ್ದರು. ಅಲ್ಲವೆಂದು ನಾನು ಹೇಳಿದೆ. ಅವರು ನಂಬಲಿಲ್ಲ.

ಅಜ್ಜ ಎಂದು ನಾವು ನಮ್ಮೊಳಗೆ ಕರೆಯುತ್ತಿದ್ದದ್ದು. ಎದುರಿಗೆ ಸರ್ ಎನ್ನುತ್ತಿದ್ದೆವು. ಅವರು ಜಪಾನಿನವರು. ಸಮುದ್ರದ ನೀರನ್ನು ಸಿಹಿ ಮಾಡುವ ಒಂದು ಸ್ಥಾವರದಲ್ಲಿ ಸಲಹೆಗಾರರಾಗಿದ್ದರು. ನಾನು ವಾದಿ ಕಬೀರ್‌ನಲ್ಲಿ, ಪಂಪುಗಳ ಬಿಡಿಭಾಗ ತರಿಸಿಕೊಡುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಅವರ ಸ್ಥಾವರಕ್ಕೆ ಸೀಲು, ಬೇರಿಂಗು ಹೋಗುತ್ತಿದ್ದದ್ದು ನಮ್ಮಿಂದ. ಚಳಿಗಾಲದ ಶುಕ್ರವಾರಗಳಲ್ಲಿ ಎರಡು ಕಂಪೆನಿಗಳ ಜಪಾನಿ ಇಂಜಿನಿಯರುಗಳು ಆ ಮೈದಾನದಲ್ಲಿ ಬೇಸ್‌ಬಾಲ್ ಆಡುತ್ತಿದ್ದರು. ನೋಡುವವರು ಯಾರೂ ಇರಲಿಲ್ಲ. ನೋಡುವವರಿಲ್ಲದ ಆಟ ಅವರಿಗೆ ಆಟವೇ ಅಲ್ಲವೆಂದು ಕಾಣುತ್ತದೆ. ಒಮ್ಮೆ ಅಜ್ಜ ಫೋನಿನಲ್ಲಿ, ಬೇರಿಂಗಿನ ಮಾತು ಮುಗಿದ ಮೇಲೆ, ನಿಮ್ಮವರನ್ನು ಕರೆದುಕೊಂಡು ಬನ್ನಿ ಎಂದು ಬಹಳ ಸಂಕೋಚದಿಂದ ಹೇಳಿದರು.

ವಾರಕ್ಕೊಮ್ಮೆ ತಡವಾಗಿ ಏಳಬಹುದಾದ ಬೆಳಿಗ್ಗೆ ಅದೊಂದೇ. ಆದರೂ ನಾವು ಕರಾವಳಿಯ ಗೆಳೆಯರೆಲ್ಲ ಹೋದೆವು. ಮೊದಮೊದಲು ಹೋದದ್ದು ಗಿರಾಕಿಯ ಮಾತು ತೆಗೆದುಹಾಕಬಾರದೆಂದು. ಆಮೇಲೆ ಯಾಕೆ ಹೋದೆವೆಂದು ಸರಿಯಾಗಿ ಹೇಳಲಾರೆ. ಆ ಆಟದಲ್ಲಿ ಬ್ಯಾಟ್ ಹಿಡಿಯುವ ಪ್ರತಿಯೊಬ್ಬನಿಗೂ ಅವನದೇ ಒಂದು ಹಾಡಿರುತ್ತದೆ. ಅವನು ಬಂದು ನಿಂತ ಕೂಡಲೆ ಅವನ ಕಡೆಯವರು ಎದ್ದು ನಿಂತು, ಪ್ಲಾಸ್ಟಿಕ್ಕಿನ ಕೋಲುಗಳನ್ನು ಬಡಿಯುತ್ತ ಅದನ್ನು ಹಾಡುತ್ತಾರೆ. ಎದುರಿನವರ ಸರದಿ ಬಂದಾಗ ಕುಳಿತು ಸುಮ್ಮನಿರುತ್ತಾರೆ. ನಮ್ಮವರು ಯಾರು ಚೆನ್ನಾಗಿ ಹೊಡೆದರೂ ಕೂಗುತ್ತಿದ್ದರು. ಅದು ಸರಿಯಲ್ಲ, ಒಂದು ತಂಡವನ್ನು ಆರಿಸಿಕೊಳ್ಳಬೇಕು ಎಂದು ಅಜ್ಜ ತಾಳ್ಮೆಯಿಂದ ತಿಳಿಸಿಕೊಟ್ಟರು. ಆರಿಸಿಕೊಂಡೆವು. ಅರ್ಥ ತಿಳಿಯದ ಹಾಡುಗಳನ್ನು ಕಲಿತೆವು. ಆಟ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ನಿಂತು ಮೈದಾನಕ್ಕೆ ತಲೆಬಾಗುವಾಗ ನಾವೂ ಬಾಗುತ್ತಿದ್ದೆವು, ಅವರ ಜೊತೆ ಕಸ ಹೆಕ್ಕುತ್ತಿದ್ದೆವು. ಮಣ್ಣು ಒಮಾನಿಗಳದ್ದು, ಆಟ ಜಪಾನಿಗಳದ್ದು, ಕೂಗು ನಮ್ಮದು.

ನಮ್ಮನ್ನೆಲ್ಲ ಅಲ್ಲಿಗೆ ಕರೆತರುತ್ತಿದ್ದವರು ಕಾಕ. ಉಳ್ಳಾಲದ ಕಡೆಯ ಬ್ಯಾರಿ, ಐವತ್ತು ದಾಟಿದವರು, ಕಾರ್ಮಿಕರ ಬಸ್ಸಿನ ಡ್ರೈವರ್. ಗಲ್ಫಿಗೆ ಬರುವ ಮೊದಲು ಊರಿನಲ್ಲಿ ಲೈನ್ ಬಸ್ಸು ಓಡಿಸುತ್ತಿದ್ದರಂತೆ. ಅದಕ್ಕೂ ಮೊದಲು ಓವರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟುಗಳಲ್ಲಿ ವಿಕೆಟ್ ಕೀಪರ್ ಆಗಿದ್ದರು. ಆ ಕಾಲದ ಒಂದೊಂದು ಕ್ಯಾಚನ್ನೂ ಅವರು ಬಸ್ಸಿನಲ್ಲಿ ವರ್ಣಿಸುತ್ತಿದ್ದರು. ಹಳೆಯ ಕ್ಯಾಚುಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಎತ್ತರಕ್ಕೆ ಹೋಗುತ್ತಿದ್ದವು.

ಸೀಟಿಯ ಸಂಗತಿ ಹೀಗೆ. ಬ್ಯಾಟಿಗೆ ತಾಗಿದ ಚೆಂಡು ಗೆರೆಯ ಹೊರಗೆ ಹೋದರೆ ಅದು ಫೌಲ್. ಅದು ನೋಡುವವರ ಮೇಲೆಯೇ ಬೀಳಬಹುದು. ಚೆಂಡು ಕಲ್ಲಿನ ಹಾಗೆ ಗಟ್ಟಿ. ಅಜ್ಜನ ಊರಿನ ಕ್ರೀಡಾಂಗಣದಲ್ಲಿ ಇದಕ್ಕೆಂದೇ ಆಳುಗಳಿರುತ್ತಾರಂತೆ. ಫೌಲ್ ಚೆಂಡು ಜನರ ಕಡೆ ತಿರುಗಿದ ಕೂಡಲೆ ಅವರು ಸೀಟಿ ಊದುತ್ತಾರೆ. ಇಲ್ಲಿ ಮಂಡಿನೋವಿನಿಂದ ಆಡಲಾಗದ ಅಜ್ಜ ಆ ಕೆಲಸವನ್ನು ತಾವೇ ವಹಿಸಿಕೊಂಡಿದ್ದರು. ಮಡಚುವ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು, ಸೀಟಿಯನ್ನು ತುಟಿಯ ಬಳಿಯೇ ಹಿಡಿದಿರುತ್ತಿದ್ದರು. ಉಳಿದವರು ಚಹಾ ಕುಡಿಯುವಾಗಲೂ ಅವರು ಕುಡಿಯುತ್ತಿರಲಿಲ್ಲ. ಸೀಟಿ ಕೇಳಿದರೆ ಮೇಲೆ ನೋಡಬಾರದು, ಬೆನ್ನು ತಿರುಗಿಸಿ ಬಾಗಿ ಎರಡೂ ಕೈಗಳಿಂದ ತಲೆ ಮುಚ್ಚಿಕೊಳ್ಳಬೇಕು ಎಂದು ನಮ್ಮನ್ನೆಲ್ಲ ನಿಲ್ಲಿಸಿ ಅಭ್ಯಾಸ ಮಾಡಿಸಿದರು.

ಕಾಕ ಅದನ್ನು ಒಪ್ಪಲಿಲ್ಲ. ಅವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು.

"ಬಾಲ್ ಮೇಲೆ ಉಂಟು, ಇವರು ಬೆನ್ನು ತೋರಿಸುದು. ಎಂತ ಮಾರಾಯ ಇದು? ನಮ್ಮಲ್ಲಿ ಹಾಗೆ ಮಾಡಿದ್ರೆ ಮರುದಿನ ಟೀಮಿಂದ ಹೊರಗೆ."

"ಸೀಟಿ ಕೇಳಿದ್ರೆ ಬಗ್ಗಿ ಕಾಕ, ಸಾಕು" ಎಂದೆ.

"ಸೀಟಿ ಕೇಳಿದ್ರೆ ನನ್ನ ಕಾಲು ಬ್ರೇಕಿಗೆ ಹೋಗ್ತದೆ. ತಲೆ ಬಗ್ಗುದಿಲ್ಲ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಗಾಳಿಯಲ್ಲಿರುವ ಚೆಂಡಿನಿಂದ ಕಣ್ಣು ತೆಗೆಯಬಾರದೆಂದು ಕರಾವಳಿಯ ಗದ್ದೆಗಳಲ್ಲಿ ನಾವೆಲ್ಲರೂ ಬೈಸಿಕೊಂಡು ಕಲಿತವರೇ.

ಆ ಶುಕ್ರವಾರ ಬ್ಯಾಟ್ ಹಿಡಿದಿದ್ದವನು ಎತ್ತರದ ಒಬ್ಬ ಇಂಜಿನಿಯರ್, ನಮ್ಮ ತಂಡದವನೇ. ಅವನ ಹಾಡನ್ನು ಹಾಡಿ ಮುಗಿಸಿದ್ದೆವು. ಹೊಡೆತ ಚೆಂಡಿನ ಅಂಚಿಗೆ ತಾಗಿತು. ಚೆಂಡು ಹಿಂದಕ್ಕೆ, ಎಡಕ್ಕೆ, ಬಲೆಗಿಂತ ಎಷ್ಟೋ ಮೇಲೆ ಹೋಯಿತು. ನಾನು ಚೆಂಡನ್ನೇ ನೋಡುತ್ತಿದ್ದೆ. ಅದು ಏರುತ್ತಿತ್ತು. ಆಗ ಸೀಟಿ ಕೇಳಿಸಿತು, ಒಂದೇ ಉಸಿರಿನ ಉದ್ದನೆಯ ಸೀಟಿ. ಸುತ್ತಲಿನವರು ಬೆನ್ನು ತಿರುಗಿಸಿದರು. ಸಮುದ್ರದ ಕಡೆಯ ಗಾಳಿ ಚೆಂಡನ್ನು ಬಲೆಯ ಹೊರಕ್ಕೆ ತಳ್ಳಿತು. ಫ್ಲಾಸ್ಕ್ ಹಿಡಿದೇ ನಾನು ಕುಕ್ಕರಿಸಿದೆ. ನನ್ನ ಮುಂದೆ ಕಾಕ ಒಬ್ಬರೇ ನಿಂತಿದ್ದರು. ಮುಖ ಮೇಲಕ್ಕೆತ್ತಿ, ಎರಡೂ ಅಂಗೈ ಸೇರಿಸಿ, ಸಣ್ಣ ಸಣ್ಣ ಹೆಜ್ಜೆಯಿಟ್ಟು ಚೆಂಡಿನ ಕೆಳಗೆ ಬಂದರು. ಕೀಪರುಗಳು ಬರುವ ಹಾಗೆಯೇ. ಕೊನೆಯ ಗಳಿಗೆಯಲ್ಲಿ ಬಿಸಿಲು ಕಣ್ಣಿಗೆ ಹೊಡೆದಿರಬೇಕು, ತಲೆ ಸ್ವಲ್ಪ ಓರೆಯಾಯಿತು. ಚೆಂಡು ಬೆರಳ ತುದಿಗೆ ತಾಗಿ ಎಡಗಣ್ಣಿನ ಮೇಲೆ ಬಿತ್ತು. ಆ ಸದ್ದನ್ನು ನಾನು ವರ್ಣಿಸುವುದಿಲ್ಲ.

ಅವರು ಮೆಲ್ಲಗೆ ನೆಲದ ಮೇಲೆ ಕುಳಿತರು. ನಾನು ಹತ್ತಿರ ಹೋದಾಗ, "ಕ್ಯಾಚ್ ಬಿಟ್ಟೆನಲ್ಲ ಮಾರಾಯ" ಎಂದರು. ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅವರನ್ನು ಕಾರಿಗೆ ಹತ್ತಿಸುವಾಗ ಎರಡೂ ತಂಡದವರು ಟೊಪ್ಪಿ ತೆಗೆದು ಸಾಲಾಗಿ ನಿಂತು ತಲೆಬಾಗಿದರು. ಅಜ್ಜ ಸಾಲಿನಲ್ಲಿರಲಿಲ್ಲ. ಕುರ್ಚಿಯ ಮುಂದೆ ನಿಂತಿದ್ದರು, ಸೀಟಿ ಇನ್ನೂ ಬಾಯಲ್ಲೇ ಇತ್ತು.

ಕಣ್ಣು ಉಳಿಯಿತು. ದೃಷ್ಟಿ ಪೂರ್ತಿ ಮರಳಲಿಲ್ಲ. ಬಸ್ಸು ಓಡಿಸುವಂತಿಲ್ಲ ಎಂದು ವೈದ್ಯರು ಹೇಳಿದರು.

ಕಾಕ ಆಸ್ಪತ್ರೆಯಿಂದ ಬಂದ ವಾರ ಅಜ್ಜ ಅವರ ಕೋಣೆಗೆ ಬಂದರು. ವಾದಿ ಕಬೀರ್‌ನ ಗ್ಯಾರೇಜುಗಳ ಹಿಂದಿನ ಕಟ್ಟಡ, ಆರು ಮಂದಿಯ ಕೋಣೆ, ಒಂದರ ಮೇಲೊಂದು ಮಂಚ. ಅಜ್ಜ ಬಾಗಿಲಲ್ಲೇ ಬೂಟು ಬಿಚ್ಚಿ, ಹಣ್ಣಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಕೊಟ್ಟು, ಕೆಳಗಿನ ಮಂಚದ ತುದಿಯಲ್ಲಿ ಕುಳಿತರು. ಕ್ಷಮೆ ಕೇಳಿದರು. ಆಮೇಲೆ ನನಗೆ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಜೋಡಿಸಿ, ಕಾಕನನ್ನು ಒಂದು ಮಾತು ಕೇಳಬೇಕೆಂದರು: ಸೀಟಿ ಕೇಳಿಸಿತೇ, ಕೇಳಿಸಿದ್ದರೆ ಚೆಂಡು ಬೀಳುವುದಕ್ಕೆ ಎಷ್ಟು ಮೊದಲು?

ನಾನು ಕಾಕನನ್ನು ಕೇಳಿದೆ. ಕಾಕ ಕಟ್ಟು ಹಾಕಿದ ತಲೆಯನ್ನು ಮೆಲ್ಲಗೆ ಆಡಿಸಿದರು.

"ಅದೆಲ್ಲ ಬಿಡ್ಲಿಕ್ಕೆ ಹೇಳು ಅವರಿಗೆ. ಹಣೆಯಲ್ಲಿ ಬರೆದದ್ದು ಆಯ್ತು. ಅವರೆಂತ ಮಾಡ್ತಾರೆ ಪಾಪ? ಖಲಾಸ್."

ಅದನ್ನು ಹಾಗೆಯೇ ಇಂಗ್ಲಿಷಿಗೆ ತಂದೆ. ಅಜ್ಜನ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ನಮ್ಮಲ್ಲಿ ಅದು ಎದುರಿನವರ ಭಾರ ಇಳಿಸುವ ಮಾತು. ಅವರು ಕೇಳಿದ್ದು ಒಂದು ಲೆಕ್ಕ, ಸಿಕ್ಕಿದ್ದು ಕ್ಷಮೆ. ಕ್ಷಮಿಸಿದರೆಂದರೆ ಕ್ಷಮಿಸಬೇಕಾದದ್ದು ಇತ್ತು ಎಂದಾಯಿತು.

ನಾನು ಕೂಡಲೆ ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಸೀಟಿ ಕೇಳಿಸಿದಾಗ ಚೆಂಡು ಏರುತ್ತಿತ್ತು ಸರ್, ನಾನು ನೋಡಿದ್ದೇನೆ ಎಂದೆ. ಅವರು ನನ್ನತ್ತ ತಿರುಗಿದರು.

"ನೀವು ಒಳ್ಳೆಯ ಮನುಷ್ಯ" ಎಂದರು.

ಅದನ್ನು ಅವರು ಯಾಕೆ ಹಾಗೆ ಅಂದರೆಂದು ನನಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. ನಮ್ಮ ಕಸುಬಿನಲ್ಲಿ ಗಿರಾಕಿಗೆ ಇಲ್ಲ ಎನ್ನುವುದಿಲ್ಲ. ಸಾಮಾನು ದುಬೈಯಿಂದ ಹೊರಟೇ ಇರುವುದಿಲ್ಲ, ದಾರಿಯಲ್ಲಿದೆ ಸರ್ ಎನ್ನುತ್ತೇವೆ. ನಾಳೆ ಖಂಡಿತ ಎನ್ನುತ್ತೇವೆ. ಇದನ್ನು ಇಲ್ಲಿ ಯಾರೂ ಸುಳ್ಳು ಅನ್ನುವುದಿಲ್ಲ. ಒಮಾನಿ ಮಾಲೀಕರಿಂದ ಹಿಡಿದು ಗೋದಾಮಿನ ಪಠಾಣನವರೆಗೆ ಎಲ್ಲರಿಗೂ ಅದು ಮರ್ಯಾದೆಯ ಮಾತು. ಅಜ್ಜ ಇದನ್ನು ಎಂದೋ ಅರಿತಿದ್ದರು. ನಮ್ಮ ನಾಳೆಗೆ ಮೂರ್ನಾಲ್ಕು ದಿನ ಸೇರಿಸಿಕೊಂಡು ತಮ್ಮ ಕೆಲಸ ನಡೆಸುತ್ತಿದ್ದರು, ಒಮ್ಮೆಯೂ ದೂರಿರಲಿಲ್ಲ. ಈಗ ನನ್ನ ಸಾಕ್ಷಿಗೂ ಅದೇ ಲೆಕ್ಕ ಹಾಕಿಕೊಂಡರು.

ಆಮೇಲೆ ಒಂದು ಸಂಜೆ ಅವರನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ನಾನು ನಿಂತ ಜಾಗದಲ್ಲಿ ನಿಂತು, ಕಾಕ ನಿಂತ ಜಾಗ ತೋರಿಸಿ, ಚೆಂಡು ಎಲ್ಲಿತ್ತೆಂದು ಕೈಯೆತ್ತಿ ತೋರಿಸಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. ಆಗ ನೀವು ನೋಡುತ್ತಿದ್ದದ್ದು ಚೆಂಡನ್ನೋ, ನನ್ನನ್ನೋ? ಚೆಂಡನ್ನು ಎಂದೆ. ಹಾಗಾದರೆ ಊದುವುದನ್ನು ನೀವು ನೋಡಿಲ್ಲ, ಕೇಳಿದ್ದೀರಿ. ಕೇಳಿದ್ದನ್ನೂ ಕಂಡದ್ದನ್ನೂ ಮನಸ್ಸು ಆಮೇಲೆ ತನಗೆ ಬೇಕಾದಂತೆ ಜೋಡಿಸಿಕೊಳ್ಳುತ್ತದೆ, ಅದು ನಿಮ್ಮ ತಪ್ಪಲ್ಲ ಎಂದರು. ಬಹಳ ಮೃದುವಾಗಿ ಹೇಳಿದರು. ಇವತ್ತಿಗೂ ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಚೆಂಡನ್ನು ಮೇಲಕ್ಕೆ ಹಾರಿಸುತ್ತೇನೆ, ಸೀಟಿ ಕೇಳಿಸಿಕೊಳ್ಳುತ್ತೇನೆ. ಪ್ರತಿ ಸಲವೂ ಅದು ಏರುತ್ತಲೇ ಇರುತ್ತದೆ. ಪ್ರತಿ ಸಲವೂ ದಣಿವಾಗುತ್ತದೆ.

ಮುಂದಿನ ಶುಕ್ರವಾರಗಳಲ್ಲಿ ಅಜ್ಜ ಬಲೆಯ ಹಿಂದೆ, ಜನರಿಂದ ದೂರ ಕುಳಿತರು. ಸೀಟಿ ಬೇರೊಬ್ಬ ಇಂಜಿನಿಯರಿಗೆ ಹೋಗಿತ್ತು. ಅವನು ಹೆದರಿ ಬಲೆಯೊಳಗೇ ಬೀಳುವ ಚೆಂಡಿಗೂ ಊದುತ್ತಿದ್ದ. ಪ್ರತಿ ಸೀಟಿಗೂ ಅಜ್ಜನ ಹೆಗಲು ಅಲುಗುತ್ತಿತ್ತು. ಮಾರ್ಚಿನಲ್ಲಿ ಬಿಸಿಲು ಏರಿದಾಗ ಆ ವರ್ಷದ ಆಟ ಮುಗಿಯಿತು. ಅಜ್ಜನ ಕೆಲಸದ ಅವಧಿಯೂ ಮುಗಿದಿತ್ತು, ಊರಿಗೆ ಹೊರಟಿದ್ದರು. ಕೊನೆಯ ಆಟಕ್ಕೆ ಕಾಕ ಬಂದರು. ಅಷ್ಟರಲ್ಲಿ ಅವರು ಸುವೈಕ್‌ನಲ್ಲಿ ಅಳಿಯನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಕಪ್ಪು ಕನ್ನಡಕ ಹಾಕಿ, ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದರು. ಯಾರನ್ನೂ ಮಾತನಾಡಿಸದೆ ನೇರವಾಗಿ ಅಜ್ಜನ ಮುಂದೆ ಹೋಗಿ ನಿಂತು, ತಮಗೆ ಬರುವ ಇಂಗ್ಲಿಷಿನಲ್ಲಿ, ಎದೆ ಮುಟ್ಟಿಕೊಂಡು ಹೇಳಿದರು: ಸೀಟಿ ನನಗೆ ಕೇಳಿಸಿತ್ತು. ಚೆನ್ನಾಗಿ ಕೇಳಿಸಿತ್ತು. ಬಗ್ಗದೇ ಇದ್ದವನು ನಾನು.

ಅಜ್ಜ ಎದ್ದು ನಿಂತು ಸೊಂಟದಿಂದ ಬಾಗಿದರು. ನನ್ನ ಮಾತನ್ನು ನಂಬದೇ ಇದ್ದ ಆ ಹಿಂದಿನ ಸಂಜೆ ಮೈದಾನದಿಂದ ಹೊರಡುವಾಗ ನನಗೂ ಹಾಗೆಯೇ ಬಾಗಿದ್ದರು, ಅಷ್ಟೇ ಆಳಕ್ಕೆ.

ಕಾಕನನ್ನು ಸುವೈಕ್‌ಗೆ ಬಿಡಲು ನಾನೇ ಹೋದೆ. ಬರ್ಕಾ ದಾಟಿದ ಮೇಲೆ ಕೇಳಿದೆ.

"ನಿಜವಾಗಿ ಕೇಳಿತ್ತಾ ಕಾಕ?"

"ಇಲ್ಲ ಮಾರಾಯ. ಆ ದಿನ ಪರೋಟ ತಿಂದದ್ದು ನೆನಪುಂಟು, ಮತ್ತೆ ಆಸ್ಪತ್ರೆಯ ಫ್ಯಾನ್. ನಡುವೆ ಎಂತದೂ ಇಲ್ಲ." ಕನ್ನಡಕ ಸರಿಮಾಡಿಕೊಂಡು, "ಅವರಿಗೆ ನಿದ್ದೆ ಬರುದಿಲ್ಲ ಅಂತ ಯಾರೋ ಹೇಳಿದ್ರು. ಮತ್ತೆ ಎಂತ ಹೇಳುದು ನಾನು?"

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಿಸಿದೆ, ಆಗಲಿಲ್ಲ.

ಕಳೆದ ಬೇಸಗೆಯಲ್ಲಿ ಅಜ್ಜ ತೀರಿಕೊಂಡರು. ತಿಳಿಸಿದವನು ಅಂದು ಬ್ಯಾಟ್ ಹಿಡಿದಿದ್ದ ಇಂಜಿನಿಯರ್. ಊರಿನಲ್ಲಿ ಅವರು ಮತ್ತೆ ಕ್ರೀಡಾಂಗಣಕ್ಕೆ ಹೋಗುತ್ತಿದ್ದರೇ ಎಂದು ಕೇಳಿದೆ. ಟಿವಿಯಲ್ಲಿ ನೋಡುತ್ತಿದ್ದರಂತೆ, ಸದ್ದು ಪೂರ್ತಿ ತೆಗೆದು.

ಆ ಚೆಂಡನ್ನು ಕಂಡವರಲ್ಲಿ ಈಗ ನನ್ನ ಲೆಕ್ಕಕ್ಕೆ ಸಿಗುವವರು ಇಷ್ಟು. ಬ್ಯಾಟ್ ಹಿಡಿದಿದ್ದವನು: ಜಪಾನಿನಲ್ಲಿದ್ದಾನೆ, ಚೆಂಡು ಬ್ಯಾಟಿಗೆ ತಾಗಿದ್ದಷ್ಟೇ ಅವನಿಗೆ ನೆನಪು, ಸೀಟಿ ನೆನಪಿಲ್ಲ. ಕಾಕ: ಸುವೈಕ್‌ನಲ್ಲಿದ್ದಾರೆ, ಅವರು ಎಲ್ಲರಿಗಿಂತ ಹೆಚ್ಚು ನೋಡಿದವರು, ಅವರಿಗೆ ಏನೂ ನೆನಪಿಲ್ಲ. ನಾನು. ಮತ್ತೆ ಮೈದಾನದ ಪಕ್ಕದ ಕಟ್ಟಡಕ್ಕೆ ನೀರು ತರುತ್ತಿದ್ದ ಟ್ಯಾಂಕರಿನ ಡ್ರೈವರ್, ಸೊಹಾರ್ ಕಡೆಯ ಒಮಾನಿ. ಅವನು ಟ್ಯಾಂಕರಿನ ಮೇಲೆ ನಿಂತು ಪೈಪು ಎಳೆಯುತ್ತಿದ್ದನಂತೆ. ಅವನು ಅಲ್ಲಿದ್ದದ್ದೇ ನನಗೆ ತಿಳಿದದ್ದು ಹೋದ ತಿಂಗಳು, ಪಂಪಿನ ಸೀಲು ಕೊಳ್ಳಲು ನಮ್ಮ ಕೌಂಟರಿಗೆ ಬಂದಾಗ. ಚಹಾದ ಮೇಜಿನ ಪಕ್ಕ ನಿಂತಿದ್ದವನೆಂದು ನನ್ನ ಗುರುತು ಹಿಡಿದು, ನಾನು ಕೇಳುವ ಮೊದಲೇ ಹೇಳಿದ: ಸೀಟಿ ಬಂತು, ಎಲ್ಲ ಬಗ್ಗಿದರು, ಚೆಂಡು ಆಮೇಲೆ ಇಳಿಯಿತು, ಆ ಒಬ್ಬ ಮನುಷ್ಯ ಯಾಕೆ ನಿಂತೇ ಇದ್ದ?