ಕಾಲು ಮುಂದಾಗಿ ಹುಟ್ಟಿದವಳ ಬೆರಳು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದೆನಂತೆ. ಅಂಥವರ ಕಾಲು ಸೋಕಿದರೆ ಉಳುಕು, ಸೊಂಟದ ಹಿಡಿತ ಎಲ್ಲ ಬಿಟ್ಟುಹೋಗುತ್ತದೆ ಎಂಬ ನಂಬಿಕೆ ಹನುಮಂತನಗರದ ನಮ್ಮ ಬೀದಿಯಲ್ಲಿ ಗಟ್ಟಿಯಾಗಿತ್ತು. ಹಾಗಾಗಿ ಓದು, ರೂಪ, ಹಾಡು ಯಾವುದರಲ್ಲೂ ಹೆಸರು ಮಾಡದ ನಾನು ಒದೆಯುವುದರಲ್ಲಿ ಹೆಸರು ಮಾಡಿದೆ. ಭಾನುವಾರ ಬೆಳಿಗ್ಗೆ ಯಾರಾದರೂ ಹಿರಿಯರು ಸೊಂಟ ಹಿಡಿದುಕೊಂಡು ಬಂದು ನಮ್ಮ ಹಜಾರದಲ್ಲಿ ಬೋರಲು ಮಲಗುತ್ತಿದ್ದರು. ನಾನು ಗಂಭೀರವಾಗಿ ಮೂರು ಸಲ ಮೆಲ್ಲಗೆ ಒದ್ದು, ಹಿರಿಯರಿಗೆ ಕಾಲು ತಾಗಿಸಿದ ಪಾಪಕ್ಕೆ ಅವರ ಕಾಲಿಗೇ ಬೀಳುತ್ತಿದ್ದೆ. ಅವರು ಆಶೀರ್ವಾದ ಮಾಡಿ, ಕಾಫಿ ಕುಡಿದು ಹೋಗುತ್ತಿದ್ದರು. ಆಗ ಅಮ್ಮನ ಮುಖದಲ್ಲಿ ಕಾಣುತ್ತಿದ್ದ ಹೆಮ್ಮೆ ನಾನು ಎಸೆಸೆಲ್ಸಿ ಪಾಸಾದಾಗಲೂ ಕಂಡಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಜಯನಗರದ ಒಂದು ಕಚೇರಿಯಲ್ಲಿ ನಾನು ಹಂಗಾಮಿ ಟೈಪಿಸ್ಟ್. ಕೆಲವು ತಿಂಗಳಲ್ಲಿ ಟೈಪಿಂಗ್ ಪರೀಕ್ಷೆಯಿತ್ತು. ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಇಂಥ ಹೊತ್ತಿನಲ್ಲಿ ಬುದ್ಧಿಯಿರುವವರು ಬೆರಳುಗಳನ್ನು ಜೋಪಾನ ಮಾಡುತ್ತಾರೆ. ನಾನು ಕಚೇರಿಯ ಥ್ರೋಬಾಲ್ ತಂಡ ಸೇರಿದೆ. ಮೊದಲ ಪಂದ್ಯದಲ್ಲೇ, ಬಿಟ್ಟರೆ ಹೊರಗೆ ಹೋಗಿ ನಮಗೇ ಪಾಯಿಂಟ್ ಸಿಗುತ್ತಿದ್ದ ಚೆಂಡಿಗೆ ಹಾರಿ ಕೈ ಕೊಟ್ಟೆ. ಅದು ಬಲಗೈ ಉಂಗುರದ ಬೆರಳಿನ ತುದಿಗೆ ಬಡಿದು, ನಡುವಿನ ಗಿಣ್ಣು ಹಿಂದಕ್ಕೆ ಜಾರಿತು.

“ಡಾಕ್ಟರ್ ಯಾಕೆ? ಮನೇಲೇ ಕಾಲಿದೆಯಲ್ಲೇ!” ಎಂದಳು ಅಮ್ಮ.

ನನಗೂ ಅದು ಸರಿ ಎನಿಸಿತು. ಆದರೆ ತನ್ನ ಬೆರಳನ್ನು ತಾನೇ ಒದ್ದುಕೊಳ್ಳುವುದು ಅಂದುಕೊಂಡಷ್ಟು ಸುಲಭವಲ್ಲ. ದಿನಾ ಸಂಜೆ ನೆಲದ ಮೇಲೆ ಕೂತು, ಅಂಗೈ ಊರಿ, ಅಮ್ಮ ಬೆರಳಿಗೆ ಹರಳೆಣ್ಣೆ ಹಾಕುತ್ತಿದ್ದ ಹಾಗೇ ಹಿಮ್ಮಡಿಯಿಂದ ಉಜ್ಜುತ್ತಿದ್ದೆ. ಅಪ್ಪ ಪೇಪರು ಅಡ್ಡ ಹಿಡಿದು ನಗುತ್ತಿದ್ದರು. ಕೆಲವು ವಾರಗಳಲ್ಲಿ ಊತ ಇಳಿಯಿತು, ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಬೆರಳು ನೆಟ್ಟಗೆ ಮಾಡಿದೊಡನೆ ಮಾತ್ರ ಗಿಣ್ಣು ಟಕ್ಕೆಂದು ಜಾರುತ್ತಿತ್ತು. ಟೈಪ್‌ರೈಟರ್ ಮುಂದೆ ಕೂತರೆ ಕಣ್ಣಲ್ಲಿ ನೀರು.

ಕೊನೆಗೆ ಮೂಳೆ ಡಾಕ್ಟರ ಬಳಿ ಹೋದೆವು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು.

“ಗಿಣ್ಣಿನ ಅಂಚು ಪುಡಿಯಾಗಿದೆ. ತಡೆಯೋಕೆ ಏನೂ ಇಲ್ಲ, ಅದಕ್ಕೇ ಜಾರುತ್ತೆ. ಸೊಂಟದ ಮೂಳೆಯಿಂದ ಒಂದು ಚೂರು ತೆಗೆದು ಅಲ್ಲಿ ಕೂರಿಸ್ಬೇಕು. ಬೆರಳು ಮೊದಲಿನ ಹಾಗೆ ಮಡಚುತ್ತೆ ಅಂತ ಮಾತ್ರ ಹೇಳೋಕಾಗಲ್ಲ. ಇಷ್ಟು ದಿನ ಏನ್ಮಾಡ್ತಿದ್ರಮ್ಮಾ?”

“ಕಾಲಲ್ಲಿ ಉಜ್ತಿದ್ದೆ ಸಾರ್.”

“ಯಾರ ಕಾಲಲ್ಲಿ?”

“ನಂದೇ.”

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದಳು.

ಆಪರೇಷನ್ ಆಯಿತು. ಮೂಳೆಯ ಚೂರನ್ನು ಸಣ್ಣ ತಂತಿಯಿಂದ ಬಿಗಿದಿದ್ದರು. ನೋವು ಬೆರಳಿಗಿಂತ ಸೊಂಟಕ್ಕೇ ಹೆಚ್ಚು. ನಾನು ಕುಂಟುವುದನ್ನು ನೋಡಿ ಎದುರುಮನೆ ಆಂಟಿ, “ಬೆರಳಿಗೆ ಅಂದ್ರಲ್ಲ, ಕಾಲಿಗೇನಾಯ್ತು?” ಎಂದು ಕೇಳಿದರು. ಬೆರಳು ರಿಪೇರಿಗೆ ಸೊಂಟ ಕೊಯ್ಯುತ್ತಾರೆ ಎಂದರೆ ಯಾರು ನಂಬಬೇಕು? ಅವರು ನಂಬದೆ, ಮದುವೆಯಾಗಬೇಕಾದ ಹುಡುಗಿಯ ಯಾವುದೋ ಐಬು ಮುಚ್ಚಿಡುತ್ತಿದ್ದೇವೆಂದು ಬೀದಿಗೆಲ್ಲ ತಿಳಿಸಿದರು. ಊರ ಸೊಂಟ ಸರಿಮಾಡಿದ ನಾನು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದೆ.

ಎಡಗೈಯಲ್ಲಿ ಉಣ್ಣಲು ಅಮ್ಮ ಬಿಡಲಿಲ್ಲ. ಎರಡು ಹೊತ್ತೂ ತಾನೇ ಕಲಸಿ ತುತ್ತು ಕೊಡುತ್ತಿದ್ದಳು. ಆದರೆ ಮಾತಿಲ್ಲ. ಬೆರಳು ಹೋದರೆ ಕೆಲಸವೂ ಹೋಗುತ್ತದೆ ಎಂಬ ಹೆದರಿಕೆಯನ್ನು ನಾನೂ ಹೇಳಿಕೊಳ್ಳಲಿಲ್ಲ. ಅವಳ ಮೌನ ಕೋಪವೇ ಇರಬೇಕೆಂದು ನಾನೂ ಮುಖ ಊದಿಸಿಕೊಂಡಿದ್ದೆ.

ತಂತಿ ತೆಗೆದ ದಿನ ಡಾಕ್ಟರು, “ಮಡಚಿ, ಹೆದರ್ಬೇಡಿ” ಎಂದರು. ಬೆರಳು ಅರ್ಧಕ್ಕಿಂತ ತುಸು ಹೆಚ್ಚೇ ಮಡಚಿತು. ನೆಟ್ಟಗೆ ಮಾಡಿದೆ. ಜಾರಲಿಲ್ಲ. “ಟೈಪಿಂಗ್‌ಗೆ ಇಷ್ಟು ಸಾಕು,” ಎಂದರು ಅವರು.

ಬಸ್‌ಸ್ಟಾಪಿನಲ್ಲಿ ಅಮ್ಮ ನನ್ನ ಆ ಬೆರಳನ್ನು ಹಿಡಿದುಕೊಂಡೇ ನಿಂತಿದ್ದಳು. ಬನಶಂಕರಿಯ ಬಸ್ಸೊಂದು ಬಂದು ಹೋಯಿತು.

“ನೀನು ಹುಟ್ಟೋವಾಗ ಸೂಲಗಿತ್ತಿ ಕೈಚೆಲ್ಲಿಬಿಟ್ಟಿದ್ಳು ಕಣೇ,” ಎಂದಳು. “ಇಬ್ರೂ ಉಳಿಯಲ್ಲ ಅಂದಿದ್ರು. ಅಷ್ಟು ನೋವು ತಿಂದಿದ್ದು ಬರೀ ಸುಮ್ಸುಮ್ನೆ ಅಂತ ಅಂದ್ಕೊಳ್ಳೋಕೆ ನನ್ನ ಕೈಲಿ ಆಗ್ಲೇ ಇಲ್ಲ. ಅದಕ್ಕೇ ನಿನ್ನ ಕಾಲನ್ನ ಅಷ್ಟು ನಂಬ್ಕೊಂಡಿದ್ದೆ.”

ನಗಿಸಲು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಳು ಬಂದುಬಿಟ್ಟಿತು.