ಸಣ್ಣಯ್ಯನಿಗೆ ಸನ್ಮಾನ

ತಗಡೂರಿನಾಚೆ ಒಂದು ಹಳ್ಳಿ. ಅಲ್ಲಿಯ ಸಣ್ಣಯ್ಯ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡಿಕೊಂಡಿದ್ದವನು. ಒಂದು ಸಂಜೆ ಬಸವಯ್ಯನೆಂಬ ಜಮೀನುದಾರನ ಗದ್ದೆಯಲ್ಲಿ ಮೋಟರ್ ಕೂರಿಸಿ ಮನೆಗೆ ಬಂದ. ಬೆಳಿಗ್ಗೆ ನೋಡಿದರೆ ಅದೇ ಗದ್ದೆಯ ಬದುವಿನ ಮೇಲೆ ಬಸವಯ್ಯ ಕೊಲೆಯಾಗಿ ಬಿದ್ದಿದ್ದ. ಸಣ್ಣಯ್ಯ ಮಚ್ಚು ಹಿಡಿದು ಓಡಿದ್ದನ್ನು ಕಣ್ಣಾರೆ ಕಂಡೆನೆಂದು ಪಕ್ಕದ ಗದ್ದೆಯ ನಂಜೇಶ್ ಕೋರ್ಟಿನಲ್ಲಿ ಸಾಕ್ಷಿ ಹೇಳಿದ. ಜೀವಾವಧಿ ಶಿಕ್ಷೆಯಾಯಿತು.

ಆ ಸಂಜೆ ನಂಜೇಶ್ ಊರಲ್ಲೇ ಇರಲಿಲ್ಲ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮಲಗಿದ್ದ ಎಂಬುದು ಹೈಕೋರ್ಟಿನಲ್ಲಿ ಬಯಲಾಗುವ ಹೊತ್ತಿಗೆ ಒಂಬತ್ತು ವರ್ಷ ಕಳೆದಿತ್ತು. ಸಣ್ಣಯ್ಯನನ್ನು ಬಿಟ್ಟರು. ನಿಜವಾಗಿ ಕೊಂದವರನ್ನು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ.

ಅವನು ಊರಿಗೆ ಬಂದು ಬಸ್ಸಿಳಿದರೆ ಹಾಲಿನ ಡೈರಿ ಮುಂದೆ ಶಾಮಿಯಾನ, ಮೈಕು. ಪಂಚಾಯ್ತಿ ಚುನಾವಣೆಗೆ ನಿಂತಿದ್ದ ನಂಜೇಶನೇ ಶಾಲು ಹಿಡಿದು ಎದುರು ಬಂದ. ಹೊದಿಸಿ, ಲಾಡು ಮುರಿದು ಬಾಯಿಗೆ ತುರುಕಿದ. ಫೋಟೋ ತೆಗೆದರು. ಅವನ ಬೆರಳು ತುಟಿಗೆ ತಾಗಿದ್ದೇ ಸಣ್ಣಯ್ಯ ಲಾಡನ್ನು ಎಲ್ಲರೆದುರೇ ಉಗಿದ.

"ಯಾಕಣ್ಣ?" ಎಂದ ನಂಜೇಶ್. ಮೊದಲೆಲ್ಲ 'ಲೇ' ಬಿಟ್ಟು ಬೇರೆ ಮಾತಿಲ್ಲದವನು.

"ಕೋರ್ಟಲ್ಲಿ ನನ್ ಮೇಲೆ ಯೇಳಿದ್ಯಲ್ಲ, ಅದ್ನೇ ಈ ಮೈಕಲ್ಲಿ ಯೇಳು. ಒಂದಕ್ಷರ ಬಿಡ್ದಂಗೆ."

ನಂಜೇಶ್ ಹಲ್ಲು ಕಿರಿದ. "ಅಳೇದೆಲ್ಲ ಈಗ್ಯಾಕಣ್ಣ? ಪೊಲೀಸ್ನೋರು ಯೇಳ್ಕೊಟ್ಟದ್ದ ಯೇಳ್ದೆ. ನೀನೂ ಈಚೆಗೆ ಬಂದ್ಯಲ್ಲ."

ಪಕ್ಕದಲ್ಲೇ ಇದ್ದ ಮೈಕಿನಲ್ಲಿ ಅದು ಊರಿಗೆಲ್ಲ ಕೇಳಿಸಿತು. ಒಬ್ಬರಾದರೂ ಏನಾದರೂ ಅಂದಾರೆಂದು ಸಣ್ಣಯ್ಯ ಜನರ ಮುಖ ನೋಡುತ್ತ ನಿಂತ. ಹಿಂದಿನಿಂದ ಯಾರೋ, "ಕೇಸರಿಬಾತು ತಣ್ಗಾಯ್ತದೆ, ಬನ್ರೋ" ಅಂದರು. ಎಲ್ಲ ಎದ್ದು ತಟ್ಟೆಗೆ ಸಾಲು ನಿಂತರು.

ಜೈಲಿನ ಕಕ್ಕಸಿಗೂ ಅವನು ಇಷ್ಟು ಹೇಸಿರಲಿಲ್ಲ. ಶಾಲನ್ನು ಕುರ್ಚಿ ಮೇಲೆ ಬಿಸಾಕಿ ಮನೆಗೆ ನಡೆದ. ಹೆಂಡತಿ ಯಶೋಧರಾ ನೀರು ಕೊಟ್ಟಳು. ಮೂರು ಸಲ ಬಾಯಿ ಮುಕ್ಕಳಿಸಿದ.

"ನೀನ್ಯಾಕೆ ಅಲ್ಗೆ ಬರ್ಲಿಲ್ಲ?"

"ಆ ಮೊಕಗೊಳ ಒಂಬತ್ತು ವರ್ಸ ನೋಡಿವ್ನಿ," ಅಂದಳು.

ತಿಂಗಳೊಳಗೆ ಇಬ್ಬರೂ ತಿ. ನರಸೀಪುರದ ಬಾಡಿಗೆ ಮನೆಗೆ ಹೋದರು. ಸಣ್ಣಯ್ಯನಿಗೆ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅತ್ತ ಹಳ್ಳಿಯ ಗೋಡೆಗಳ ಮೇಲೆ ಅವನಿಗೆ ಲಾಡು ತಿನ್ನಿಸುತ್ತಿರುವ ನಂಜೇಶನ ಫೋಟೋ, ಅಡಿಯಲ್ಲಿ 'ನೊಂದವರ ಬಂಧು' ಎಂದು.

ಮತದಾನದ ದಿನ ಅವನ ಕಡೆಯವರು ಆಟೋ ತಂದು ಅಂಗಡಿ ಮುಂದೆ ನಿಲ್ಲಿಸಿದರು. "ಬಾ ಸಣ್ಣಯ್ಯ, ಓಟಾಕ್ಬುಟ್ಟು ಬರವ."

"ನನ್ನೆಸ್ರು ಅಲ್ಲಿನ ಓಟರ್ ಲಿಸ್ಟಲ್ಲಿಲ್ಲ ಕಣ್ರೀ. ತೆಗುಸ್ಬುಟ್ಟೆ. ಆ ಊರೋನು ಅನ್ನುಸ್ಕೊಳಕೇ ವಾಕರಿಕೆ ಬತ್ತದೆ."

ನಂಜೇಶ್ ಗೆದ್ದ.